ಕೈಕಟ್ಟಿದ ಗಿಣ್ಣು

ಆರ್ಟೆಮಿಸಿಯೋನ್ ತಿಂಗಳು, ಏರುಚಂದ್ರ ಐದು

ಗಿಣ್ಣಿನ ದೊಡ್ಡ ಗುಡಾಣ ಒಡೆಯಿತು. ಒದ್ದವನು ನಾನೇ, ಆದರೆ ಒದ್ದದ್ದು ಸೋಸಾಂಡ್ರನನ್ನು ನೆನೆದು. ಆದ್ದರಿಂದ ತಪ್ಪು ಅವನದು.

ಓಡುಗಳನ್ನು ಎಸೆಯಲು ಮನಸ್ಸಾಗಲಿಲ್ಲ. ನಮ್ಮ ಕಿಥ್ನೋಸ್ ದ್ವೀಪದ ಈ ಮಗ್ಗುಲಲ್ಲಿ ಅಕ್ಷರ ಬಲ್ಲವರು ಮೂರು ಜನ. ಒಬ್ಬ ಪೂಜಾರಿ, ಅವನಿಗೆ ಕಣ್ಣು ಕಾಣದು. ಇನ್ನೊಬ್ಬರು ನನಗೆ ಕಲಿಸಿದ ಮೇಷ್ಟ್ರು, ಅವರು ಸತ್ತು ಹನ್ನೆರಡು ವರ್ಷವಾಯಿತು. ಉಳಿದವನು ಲಾಂಪಿಸ್, ಅಂದರೆ ನಾನು. ಎರಡು ಚಳಿಗಾಲ ಓದಿದೆ. ಮೂರನೆಯ ಚಳಿಗಾಲಕ್ಕೆ "ಇನ್ನು ನಿನಗೆ ಕಲಿಸೋಕೆ ನನ್ನ ಹತ್ರ ಏನೂ ಇಲ್ಲಪ್ಪ" ಎಂದು ಮೇಷ್ಟ್ರೇ ಕೈಮುಗಿದರು. ಇಂಥ ವಿದ್ಯೆ ಇಟ್ಟುಕೊಂಡು ಓಡು ಖಾಲಿ ಬಿಡುವುದು ಪಾಪ. ಮೊಳೆಯಿಂದ ಗೀಚುತ್ತೇನೆ. ಯಾರೂ ಓದುವುದಕ್ಕಲ್ಲ. ಓಡು ಎಷ್ಟಗಲವೋ ಬರಹ ಅಷ್ಟು. ಇದು ಗುಡಾಣದ ಹೊಟ್ಟೆಯ ಚೂರು, ಧಾರಾಳವಾಗಿದೆ.

ನಡೆದದ್ದು ಇಷ್ಟು. ಬೆಳಿಗ್ಗೆ ಸೋಸಾಂಡ್ರ ಇಬ್ಬರು ಸಾಕ್ಷಿಗಳನ್ನು ಹಿಂದಿಟ್ಟುಕೊಂಡು ಬಂದ. ಅವನ ಹೊಲ ನನ್ನ ಹುಲ್ಲುಗಾವಲಿಗೆ ಅಂಟಿಕೊಂಡಿದೆ. ಒರತೆ ಮಾತ್ರ ನನ್ನ ಕಡೆ. ಅವನ ಕೈಯಲ್ಲಿ ನನ್ನದೇ ಗಿಣ್ಣಿನ ಒಂದು ಅಚ್ಚು.

"ಇದು ನಿಂದೇ ತಾನೆ?"

"ವಾಸನೆಗೇ ಗೊತ್ತಾಗಲ್ವೇನಯ್ಯ? ಬಂದರಿನಲ್ಲಿ ಇದನ್ನ ತಿಂದ ನಾವಿಕರು ಬೆರಳನ್ನೂ ತಿಂದ್ಕೊಂಡಿದಾರೆ."

"ಇದರ ಮೇಲಿರೋ ಗುರುತು?"

ಅಲ್ಲಿ ನಾನು ಬಾಯಿ ಮುಚ್ಚಬೇಕಿತ್ತು. ಅದು ನನ್ನಿಂದ ಆಗುವ ಕೆಲಸವಲ್ಲ. "ಅದು ನನ್ನ ಬೊಂಬೆಯ ಗುರುತು. ಈ ಸಮುದ್ರದಲ್ಲಿ ಯಾವನ ಹತ್ರ ಇದೆ ಅಂಥ ಕಲ್ಲು?" ಎಂದುಬಿಟ್ಟೆ. ಅವನು ಸಾಕ್ಷಿಗಳ ಕಡೆ ತಿರುಗಿ ನಕ್ಕ.

ಮೊಳದುದ್ದದ ಬಿಳಿಗಲ್ಲಿನ ಬೊಂಬೆ ಅದು. ಮುಖದಲ್ಲಿ ಮೂಗು ಬಿಟ್ಟರೆ ಏನೂ ಇಲ್ಲ. ಎರಡೂ ಕೈ ಹೊಟ್ಟೆಯ ಮೇಲೆ ಕಟ್ಟಿಕೊಂಡಿದೆ. ಆಡಿನ ಹಾಲನ್ನು ಅಂಜೂರದ ಕೊಂಬೆಯ ಸೊನೆಯಿಂದ ಒಡೆಸಿ, ಬುಟ್ಟಿಗೆ ತುಂಬಿ, ಮೇಲೆ ಅದನ್ನು ಮಲಗಿಸಿದರೆ ನೀರು ಬಸಿದು ಗಿಣ್ಣು ಗಟ್ಟಿಯಾಗುತ್ತದೆ. ಮೇಲೆ ಕೈಕಟ್ಟಿದ ಗುರುತು ಮೂಡುತ್ತದೆ. ಹಾಗೆ ನೋಡಿದರೆ ಅದು ಒಂದು ಹಳೆಯ ಗೋರಿಯಿಂದ ಬಂದದ್ದು ನಿಜ. ಆ ಮಾತು ನನಗೂ ನನ್ನ ಅಣ್ಣನ ಮಗಳು ಕ್ರಿನೋಗೂ ಮಾತ್ರ ಗೊತ್ತು.

ಸೋಸಾಂಡ್ರನ ಆಪಾದನೆ: ಆ ಗೋರಿ ದ್ವೀಪಕ್ಕೆ ಮೊದಲು ಕಾಲಿಟ್ಟ ವೀರನದು, ಆ ವೀರ ಇವನ ಮೂಲಪುರುಷ, ನಾನು ಗೋರಿಕಳ್ಳ. ರುಜುವಾತಾದರೆ ನಾನು ದ್ವೀಪ ಬಿಡಬೇಕು. ಹುಲ್ಲುಗಾವಲು ಒರತೆಯ ಸಮೇತ ಹೋಗುತ್ತದೆ. ಕ್ರಿನೋ ಯಾರದೋ ಮನೆಯ ಮೂಲೆಯಲ್ಲಿ ಕೂತು ನೂಲು ತೆಗೆಯಬೇಕು. ಇಂಥ ದೊಡ್ಡ ಮೊಕದ್ದಮೆ ನಮ್ಮೂರಿನಲ್ಲಿ ನಡೆಯುವಂತಿಲ್ಲ. ಅಥೆನ್ಸಿಗೆ ಕಪ್ಪ ಕೊಡುವ ದ್ವೀಪದವರೆಲ್ಲ ಅಲ್ಲಿಗೇ ಹೋಗಿ ಬಾಯಿ ಬಡಿದುಕೊಳ್ಳಬೇಕು.

ಬಡಿದುಕೊಳ್ಳೋಣ. ಬಾಯಿಯ ವಿಷಯಕ್ಕೆ ಬಂದರೆ ಅಥೆನ್ಸಿಗೆ ನನ್ನಂಥವನು ಇನ್ನೂ ಸಿಕ್ಕಿಲ್ಲ.

ಏರುಚಂದ್ರ ಒಂಬತ್ತು

ಸಣ್ಣ ಓಡು. ಹಾಲು ಕರೆಯುವಾಗ ಕ್ರಿನೋ ಕೇಳಿದಳು, "ಚಿಕ್ಕಪ್ಪ, ಅಪ್ಪನ ಮೆತ್ತೆ ಹರಿದುಹೋಗಿದೆ. ಎಸೀಲಾ?"

ಅಣ್ಣ ಅಗಾಥಿನ್ ಅಥೆನ್ಸಿನ ಹಡಗಿನಲ್ಲಿ ಹುಟ್ಟು ಹಾಕಲು ಹೋದವನು. ಹುಟ್ಟಾಳುಗಳು ಕೂರುವ ಕುರಿತೊಗಲಿನ ಮೆತ್ತೆ ಅವನ ಹತ್ತಿರ ಎರಡಿದ್ದವು. ಹೊಸದನ್ನು ಒಯ್ದ, ಹಳೆಯದನ್ನು ಬಿಟ್ಟ. ಅದರ ಮೇಲೆ ಕೂತು ನಾನು ಹಾಲು ಕರೆಯುತ್ತೇನೆ. ಆ ಹಡಗಿನ ಬಗ್ಗೆ ಎರಡು ವರ್ಷದಿಂದ ಜನ ಏನೇನೋ ಹೇಳುತ್ತಾರೆ. ಜನಕ್ಕೇನು ಕೆಲಸ.

"ಬಂದು ಕೇಳಿದ್ರೆ ಏನು ಕೊಡ್ತೀಯ? ನಿನ್ನ ತಲೇನಾ?" ಅಂದೆ. ಅವಳು ಬಿಂದಿಗೆ ಎತ್ತಿಕೊಂಡು ಹೋದಳು.

ಹುಣ್ಣಿಮೆ

ದೋಣಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳೂ ವಾಂತಿ ಮಾಡಿಕೊಳ್ಳುವಂತೆ ಕಾಣುತ್ತವೆ. ಕ್ರಿನೋ, ನಾನು, ಎಂಟು ಅಚ್ಚು ಗಿಣ್ಣು, ಬಟ್ಟೆಯಲ್ಲಿ ಸುತ್ತಿದ ಬೊಂಬೆ. ನ್ಯಾಯಾಲಯಕ್ಕೆ ಅದನ್ನು ತರಲೇಬೇಕೆಂದು ಅಪ್ಪಣೆಯಾಗಿದೆ. ನಾವಿಕ ಕೇಳಿದ, "ಮಗೂನಾ?" "ಅತ್ತೆ" ಅಂದೆ. ಆಮೇಲೆ ಅಥೆನ್ಸಿನ ಕಡೆಯ ಭೂಶಿರ ಕಾಣುವ ತನಕ ಅವನು ಅದರ ಕಡೆ ಬೆನ್ನು ಹಾಕಿ ಕೂರಲಿಲ್ಲ, ಪಾಪ, ಮರ್ಯಾದಸ್ಥ.

ಗಾಳಿ ಜೋರಾದಾಗ ಬಟ್ಟೆ ಜಾರಿ ಬೊಂಬೆಯ ಮೂಗು ಹೊರಗೆ ಬಂತು. ಉಪ್ಪುನೀರು ಬೀಳುತ್ತಿತ್ತು. ಮುಚ್ಚಿದೆ. ಕಲ್ಲಿಗೆ ಉಪ್ಪುನೀರು ಒಳ್ಳೆಯದಲ್ಲ.

ಇಳಿಚಂದ್ರ ಮೂರು

ಅಥೆನ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಸ್ಪಾರ್ಟದವರು ಹೊಲ ಸುಡುತ್ತಾರೆಂದು ಹಳ್ಳಿಯವರೆಲ್ಲ ಕೋಟೆಯೊಳಗೆ ಬಂದು ಗೋಡೆಗೆ ಒರಗಿ ಸಂಸಾರ ಹೂಡಿದ್ದಾರೆ. ನಮಗೆ ಒಬ್ಬ ಕುಂಬಾರನ ಅಟ್ಟ ಸಿಕ್ಕಿತು. ಓಡಿಗೆ ಬರವಿಲ್ಲ!

ಇಲ್ಲಿ ನಿನ್ನ ಪರವಾಗಿ ಇನ್ನೊಬ್ಬ ಮಾತಾಡುವಂತಿಲ್ಲ. ನೀನೇ ನಿಂತು ಹೇಳಬೇಕು. ಆದರೆ ಹೇಳುವುದನ್ನು ಬರೆದುಕೊಡುವವರು ಇದ್ದಾರೆ. ಖೈರಿಯಾಸ್ ಎಂಬವನ ಹತ್ತಿರ ಹೋದೆ. ಎರಡು ಅಚ್ಚು ಗಿಣ್ಣಿಗೆ ಒಪ್ಪಿದ. ಸೊಳ್ಳೆಯಷ್ಟು ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಮಸಿ.

"ನಿಮ್ಮ ಸ್ವಭಾವ ಹೇಳಿ. ನಾನು ಸ್ವಭಾವಕ್ಕೆ ತಕ್ಕಂಗೆ ಬರಿಯೋನು."

ಹೇಳಿದೆ. ಅರ್ಧ ಬೆಳಿಗ್ಗೆ ಹೇಳಿದೆ. ಕುಸ್ತಿಯಲ್ಲಿ ಟಗರನ್ನು ಸೋಲಿಸಿದ್ದು, ಒಂದೇ ಉಸಿರಿಗೆ ಬಂದರಿನ ಈ ತುದಿಯಿಂದ ಆ ತುದಿಗೆ ಈಜಿದ್ದು. ಕ್ರಿನೋ ನಡುವೆ "ಟಗರಿಗೆ ಹುಷಾರಿರಲಿಲ್ಲ ಸ್ವಾಮಿ" ಎಂದಳು.

ಖೈರಿಯಾಸ್ ಹಣೆ ಒತ್ತಿಕೊಂಡ. "ಲಾಂಪಿಸ್, ಇವೆಲ್ಲ ಮರ್ತುಬಿಡಿ. ನೀವು ಸಾಧು. ನೀವು ಮೌನಿ. ನಿಮಗೆ ಮಾತೇ ಬರಲ್ಲ."

"ಯಾರಿಗೆ?"

"ನಿಮಗೆ. ಐನೂರಾ ಒಂದು ಜನ ಮುದುಕರು ಕೂತಿರ್ತಾರೆ. ಮಾತುಗಾರನ್ನ ಕಂಡ್ರೆ ಅವರಿಗಾಗಲ್ಲ. ಶುರು ಮಾಡೋದೇ ಹಿಂಗೆ: ಮಹನೀಯರೇ, ನಾನು ಹಳ್ಳಿಗ, ಮಾತು ಕಲಿತವನಲ್ಲ."

ನಲವತ್ತೊಂಬತ್ತು ವರ್ಷ ಬೆಳೆಸಿದ ಬಾಯಿ!

"ಕಲ್ಲು ಎಲ್ಲಿ ಸಿಕ್ತು?" ಅಂದ.

ನಿಜ ಹೇಳಿದೆ. ಗೋಡೆಗೆಂದು ಅಗೆಯುವಾಗ ಚಪ್ಪಡಿ ಸಿಕ್ಕಿತು, ಎತ್ತಿದರೆ ಒಳಗೆ ಮೂಳೆ, ಪಕ್ಕದಲ್ಲಿ ಬೊಂಬೆ. ಅವನು ಕಿವಿ ಮುಚ್ಚಿಕೊಂಡ. "ಹಳ್ಳದಲ್ಲಿ ಸಿಕ್ತು. ಮಳೇಲಿ ಉರುಳಿ ಬಂದಿತ್ತು. ಗೋರಿ ಯಾವುದೋ ನಿಮಗೆ ಗೊತ್ತೇ ಇಲ್ಲ."

"ಹಳ್ಳದಲ್ಲೇ ಸಿಕ್ತು" ಎಂದು ತಕ್ಷಣ ಒಪ್ಪಿದೆ. ಸುಳ್ಳು ನನ್ನ ಸಾಕಿದ ಆಡು, ಕರೆದರೆ ಬರುತ್ತದೆ.

"ಕೊನೇ ಮಾತು. ಮೇಲೊಂದು ಮಡಕೆ, ಕೆಳಗೊಂದು ಮಡಕೆ. ಕೊಳವೇಲಿ ನೀರು ಸುರೀತಿರೋವರೆಗೆ ಮಾತಾಡ್ಬೇಕು. ನೀರು ಮುಗಿಯೋಕೆ ಮುಂಚೆ ಯಾವನು ಬಾಯಿ ಮುಚ್ತಾನೋ ಅವನ ಹತ್ರ ಸತ್ಯ ಮುಗೀತು ಅಂತ ಈ ಊರಲ್ಲಿ ಅರ್ಥ. ಒಂದು ತೊಟ್ಟೂ ಬಿಡ್ಬೇಡಿ."

ಇಳಿಚಂದ್ರ ಆರು

ಬೆಳಿಗ್ಗೆಯಿಂದ ಬಾಯಿಪಾಠ. "ಮಹನೀಯರೇ, ನಾನು ಹಳ್ಳಿಗ, ಮಾತು ಕಲಿತವನಲ್ಲ." ಅಷ್ಟು ಹೇಳಿದರೆ ಸಾಕು, ಕ್ರಿನೋ ಹೊಟ್ಟೆ ಹಿಡಿದುಕೊಂಡು ಅಟ್ಟದ ಮೇಲೆ ಉರುಳುತ್ತಾಳೆ. ಕೆಳಗಿನ ಕುಂಬಾರನೂ ಚಕ್ರ ನಿಲ್ಲಿಸಿ, "ಇನ್ನೊಂದ್ಸಲ ಹೇಳಣ್ಣ!" ಎನ್ನುತ್ತಾನೆ.

ಕೊನೆಗೆ ಅವಳು ನನ್ನ ಪಕ್ಕ ನಿಂತು ಅಳಬೇಕು. ಅನಾಥ ಹುಡುಗಿಯ ಕಣ್ಣೀರು ನೂರು ಚಿಪ್ಪಿಗೆ ಸಮ ಎಂದು ಖೈರಿಯಾಸ್ ಹೇಳಿದ್ದಾನೆ. (ಇಲ್ಲಿ ತೀರ್ಪು ಹಾಕುವುದು ಚಿಪ್ಪಿನಿಂದ. ಎರಡು ಗಡಿಗೆ, ಒಂದು ಬಿಡುಗಡೆ, ಒಂದು ಶಿಕ್ಷೆ.)

"ನಂಗೆ ಅಳು ಬರಲ್ಲ ಚಿಕ್ಕಪ್ಪ."

"ಈರುಳ್ಳಿ ಇಟ್ಕೊ."

"ನೀವು ಬಾಯಿ ತೆಗೆದ್ರೆ ಈರುಳ್ಳೀನೂ ನಗುತ್ತೆ."

"ಅನಾಥೆ ಅಲ್ಲವಲ್ಲ ನೀನು, ಅದಕ್ಕೇ ಬರಲ್ಲ" ಅಂದೆ. ಅವಳ ನಗು ಅಲ್ಲಿಗೆ ನಿಂತಿತು. ಏಕೆ ಎಂದು ತಿಳಿಯಲಿಲ್ಲ. ಹುಡುಗಿಯರಿಗೆ ಊರು ಬದಲಾದರೆ ಹೀಗೆ.

ಬೊಂಬೆಯನ್ನು ಗೋಡೆಗೆ ಒರಗಿಸಿ ಅದಕ್ಕೇ ಭಾಷಣ ಮಾಡಿ ಅಭ್ಯಾಸ ಮಾಡಿದೆ. ಅವಳು ಚೆನ್ನಾಗಿ ಕೇಳುತ್ತಾಳೆ.

ಇಳಿಚಂದ್ರ ಏಳು

ನಾಳೆ. ಗಂಟಲಿಗೆ ಜೇನು ಹಾಕಿದ್ದೇನೆ. ಚೂರು ಸಣ್ಣದು.

ಇಳಿಚಂದ್ರ ಎಂಟು

ಕುಂಬಾರ ಇಡೀ ತಟ್ಟೆಯೊಂದನ್ನು ನನಗಾಗಿ ಒಡೆದುಕೊಟ್ಟ. ಎಲ್ಲ ಬರೆಯುತ್ತೇನೆ.

ಸೂರ್ಯ ಹುಟ್ಟುವ ಹೊತ್ತಿಗೆ ಬೆಂಚು ತುಂಬಿತ್ತು. ಐನೂರಾ ಒಂದು ಗಡ್ಡ. ಹಾಸಲು ತಂದ ಚಾಪೆ, ಬೆಳ್ಳುಳ್ಳಿಯ ವಾಸನೆ, ಕೆಮ್ಮು. ನಡುವೆ ಒಂದು ಮೇಜು, ಅದರ ಮೇಲೆ ನನ್ನ ಬೊಂಬೆ, ಪಕ್ಕದಲ್ಲಿ ಸೋಸಾಂಡ್ರ ಸಾಕ್ಷಿಗೆಂದು ತಂದ ನನ್ನ ಗಿಣ್ಣು. ಮೇಜಿಗೆ ತಾಗಿಯೇ ನೀರಿನ ಮಡಕೆ. ಅದನ್ನು ನೋಡಿಕೊಳ್ಳಲು ಚೀಟಿ ಎತ್ತಿ ಆರಿಸಿದ ಒಬ್ಬ ಮುದುಕ, ಹೊಟ್ಟೆಗೆ ಏನೂ ಹಾಕದೆ ಬಂದವನು.

ಮೊದಲು ಫಿರ್ಯಾದಿ. ಮುದುಕ ಕೊಳವೆಯಿಂದ ಬೆರಳು ತೆಗೆದ. ಸೋಸಾಂಡ್ರ ಶುರು ಮಾಡಿದ. ಒಳ್ಳೆಯ ಭಾಷಣ, ದುಡ್ಡು ಕೊಟ್ಟು ಬರೆಸಿದ್ದು. ವೀರ, ವಂಶ, ಪವಿತ್ರ ಗೋರಿ, ಅದರ ಮೇಲೆ ಈ ದುಷ್ಟನ ಗುದ್ದಲಿ. ಗಿಣ್ಣಿನ ಮೇಲಿನ ಕೈಕಟ್ಟಿದ ಗುರುತನ್ನು ಎತ್ತಿ ತೋರಿಸಿದಾಗ ಐನೂರು ಜನ "ಓಹೋ" ಅಂದರು. ನಾನು ಕಂಬಳಿ ಬಿಗಿಯಾಗಿ ಹೊದ್ದುಕೊಂಡೆ. ಬೆಳಿಗ್ಗೆಯ ಚಳಿ.

ಗಿಣ್ಣನ್ನು ಅವನು ಮೇಜಿನ ಮೇಲೆ ಇಟ್ಟ. ನೀರಿನ ಮುದುಕನ ಮೂಗು ಅರಳಿತು. ಒಂದು ಚೂರು ಚಿವುಟಿದ. ತಿಂದ. ಕಣ್ಣು ಮುಚ್ಚಿದ. (ನನ್ನ ಗಿಣ್ಣಿಗೆ ಎಲ್ಲರೂ ಹಾಗೇ ಮುಚ್ಚುತ್ತಾರೆ.) ಇನ್ನೊಂದು ಚೂರು. ಅಷ್ಟರಲ್ಲಿ ಸಾಕ್ಷಿಯ ಹೇಳಿಕೆ ಓದುವ ಹೊತ್ತು. ಆಗ ನೀರು ನಿಲ್ಲಿಸಬೇಕು. ಮುದುಕ ಅದೇ ಅಂಟುಬೆರಳನ್ನು ಕೊಳವೆಗೆ ಒತ್ತಿದ. ತೆಗೆದಾಗ ಬೆರಳು ಬಂತು, ಗಿಣ್ಣು ಬರಲಿಲ್ಲ.

ನೀರು ತೊಟ್ಟು ತೊಟ್ಟಾಗಿ ಬೀಳತೊಡಗಿತು.

ಸೋಸಾಂಡ್ರ "ಇಷ್ಟು ಹೇಳಿ, ಮಹನೀಯರೇ, ನ್ಯಾಯ ನಿಮ್ಮ ಕೈಯಲ್ಲಿಟ್ಟಿದ್ದೇನೆ" ಎಂದು ಕೈ ಚಾಚಿ ಮಡಕೆಯ ಕಡೆ ನೋಡಿದ. ಅರ್ಧ ಹಾಗೇ ಇದೆ! ಅವನಿಗೂ ಯಾರೋ ಹೇಳಿದ್ದರು ಕಾಣುತ್ತದೆ, ಒಂದು ತೊಟ್ಟೂ ಬಿಡಬೇಡ ಎಂದು. ಗಂಟಲು ಸರಿಮಾಡಿಕೊಂಡು ಮತ್ತೆ ವೀರನಿಂದ ಶುರು ಮಾಡಿದ. ಈಗ ವೀರ ಏಳು ಮೊಳ ಎತ್ತರ. ನೀರು ತೊಟ್ಟಿಕ್ಕಿತು. ವೀರನಿಗೆ ಕಂಚಿನ ಕತ್ತಿ ಬಂತು. ಕಂಚಿನ ಶಿರಸ್ತ್ರಾಣ ಬಂತು.

"ಕತ್ತಿ ಎಲ್ಲೋ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

"ಅದನ್ನೂ ಇವನೇ ಕದ್ದ!"

"ಕದ್ದು ಅದರಲ್ಲಿ ಗಿಣ್ಣು ಕೊಯ್ದನಾ?"

ನಗು ಎದ್ದಿತು. ಸೋಸಾಂಡ್ರ ಮಡಕೆ ನೋಡಿದ, ಬೆವರಿದ. ಬಾಯಿಪಾಠದಲ್ಲಿದ್ದುದೆಲ್ಲ ಮುಗಿದು ಈಗ ಸ್ವಂತ ತಲೆಯಿಂದ ತೆಗೆಯಬೇಕಾಗಿತ್ತು, ಅಲ್ಲಿ ದಾಸ್ತಾನು ಕಡಿಮೆ. "ಮಹನೀಯರೇ, ಈ ಬೊಂಬೆ ಗೋರಿಯದೇ ಅಂತ ನನಗೆ ಹೆಂಗೆ ಗೊತ್ತು ಅಂತೀರಾ? ನಮ್ಮನೇಲೂ ಇಂಥದ್ದೊಂದು ಇದೆಯಲ್ಲ! ನಮ್ಮಜ್ಜ ಅಗೆದು ತಂದಿದ್ದು. ಗಾಳಿಗೆ ಬಾಗಿಲು ಬಡಿಬಾರದು ಅಂತ ಅಡ್ಡ ಇಡ್ತೀವಿ."

ಹೇಳಿ ಮುಗಿಸಿದ ಮೇಲೆ ಅವನಿಗೆ ಕೇಳಿಸಿತು. ಐನೂರಾ ಒಂದು ಜನ ಬೆಂಚು ಬಡಿದರು. ಒಬ್ಬ ಚಾಪೆ ಸಮೇತ ಜಾರಿ ಬಿದ್ದ. ನೀರು ಇನ್ನೂ ಇತ್ತು. ಸೋಸಾಂಡ್ರ ಗಾಳಿಯ ವಿಷಯ ಹೇಳತೊಡಗಿದ, ನಮ್ಮ ಕಡೆ ಬಡಗಣ ಗಾಳಿ ಜಾಸ್ತಿ ಎಂದು. ಕೊನೆಗೆ ಅಧ್ಯಕ್ಷನೇ ಮಡಕೆಯಲ್ಲಿ ಏನೋ ತೊಂದರೆ ಇದೆ ಎಂದ. ಮುದುಕ ಕೊಳವೆಗೆ ಬಾಯಿಟ್ಟು ಊದಿದ. ಗಿಣ್ಣಿನ ಗುಂಡು ಹಾರಿ ಸೋಸಾಂಡ್ರನ ಗಡ್ಡದಲ್ಲಿ ಕೂತಿತು.

ಇದನ್ನೆಲ್ಲ ನಾನು ಮೊದಲೇ ಎಣಿಸಿದ್ದೆ. ಎಣಿಸಿರಲಿಲ್ಲ ಎಂದು ಯಾರು ಹೇಳುತ್ತಾರೆ?

ಈಗ ನನ್ನ ಸರದಿ. ಚೊಕ್ಕ ಕೊಳವೆ, ನೀರು ಆಡು ಉಚ್ಚೆ ಹೊಯ್ದ ಹಾಗೆ ಸುರಿಯಿತು. "ಮಹನೀಯರೇ, ನಾನು ಹಳ್ಳಿಗ, ಮಾತು ಕಲಿತವನಲ್ಲ." ಹಿಂದೆ ಕ್ರಿನೋ ಕಿಸಕ್ಕೆಂದಳು. ಮುಂದಿನ ಸಾಲಿನ ಮುದುಕನೂ ಕಿಸಕ್ಕೆಂದ. "ಈ ಕಲ್ಲು ನನಗೆ ಹಳ್ಳದಲ್ಲಿ..." ಎಂದು ಮೇಜಿನ ಕಡೆ ಕೈ ತೋರಿದೆ.

ಮೇಜಿನ ಮೇಲಿನವಳು ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು. ಕಣ್ಣಿಲ್ಲ, ಆದರೂ. ನಮ್ಮವ್ವ ಹಾಗೇ ನಿಲ್ಲುತ್ತಿದ್ದಳು, ನಾನು ಸುಳ್ಳು ಹೇಳಿ ಮುಗಿಸುವ ತನಕ, ಹೇಳು ಹೇಳು ಎನ್ನುವಂತೆ.

ಭಾಷಣ ಮರೆತುಹೋಯಿತು. ಮರೆತದ್ದೇ ಸರಿ, ಬೇರೇನಿಲ್ಲ. ಆದ್ದರಿಂದ ಇದ್ದದ್ದನ್ನು ಹೇಳಿದೆ.

"ಹಳ್ಳದಲ್ಲಿ ಅಲ್ಲ. ಗೋರೀಲೇ. ನಾನೇ ಅಗೆದೆ. ಆದ್ರೆ ಏಳು ಮೊಳದ ವೀರ ಯಾರೂ ಅಲ್ಲಿರಲಿಲ್ಲ ಸ್ವಾಮಿ. ಎರಡು ಮೊಳದ ಕಲ್ಲುಪೆಟ್ಟಿಗೆ. ಒಳಗೆ ಒಬ್ಬರು ಮಗ್ಗುಲಾಗಿ ಮಲಗಿದ್ರು, ಮೊಣಕಾಲು ಎದೆಗೆ ಮಡಚ್ಕೊಂಡು, ಚಳಿಗೆ ಮಕ್ಕಳು ಮಲಗ್ತಾವಲ್ಲ ಹಂಗೆ. ಒಂದು ಮಣ್ಣಿನ ಬಟ್ಟಲು. ಕತ್ತಿ ಇಲ್ಲ, ಕರೀ ಗಾಜುಗಲ್ಲಿನ ಒಂದು ಚೂರು, ನನ್ನ ಬೆರಳಷ್ಟು. ಕಂಚು ಅನ್ನೋದನ್ನ ಅವರು ಕಂಡೇ ಇರಲಿಲ್ಲವೋ ಏನೋ. ತೋಳಿನ ಹತ್ರ ಇವಳು. ಯಾರೋ ಜೋಪಾನವಾಗಿ ಇಟ್ಟಿದ್ರು. ನಾನು ಎತ್ಕೊಂಡೆ. ಚಪ್ಪಡಿ ಮುಚ್ಚಿ ಹಾಲು ಹೊಯ್ದೆ. ಹಾಲು ಹೊಯ್ದ್ರೆ ಕಳ್ಳತನ ಹೋಗಲ್ಲ, ಗೊತ್ತು."

ನೀರು ಸುರಿಯುವುದು ಮಾತ್ರ ಕೇಳುತ್ತಿತ್ತು. ಯಾರೂ ಕೂಗದಿದ್ದರೆ ನನಗೆ ಗಾಬರಿ. ಅದಕ್ಕೇ ಬಾಯಿ ಎಲ್ಲಿಗೋ ಹೋಯಿತು.

"ಅಂಥ ಪೆಟ್ಟಿಗೆ ಎಲ್ಲರಿಗೂ ಸಿಗಲ್ಲ. ನಮ್ಮಣ್ಣ ನಿಮ್ಮ ಹಡಗಲ್ಲಿ ಹುಟ್ಟು ಹಾಕ್ತಿದ್ದ. ಮುಳುಗಿದ. ಅವನು ಹೆಂಗೆ ಮಲಗಿದಾನೆ, ಮೊಣಕಾಲು ಮಡಚಿದಾನಾ ಇಲ್ವಾ, ಯಾರು ಹೇಳ್ತೀರಿ? ಇವಳನ್ನ ಅಲ್ಲಿಂದ ತೆಗೆದಾಗ ನಾನು ಇದನ್ನ ಯೋಚ್ನೆ ಮಾಡಿರಲಿಲ್ಲ. ಈಗ..."

ನೀರು ಮುಗಿಯಿತು. "ಈಗ" ಎಂಬಲ್ಲಿಗೇ! ಟಗರಿನ ಕಥೆ ಉಳಿದುಹೋಯಿತು, ಈಜಿದ್ದೂ ಉಳಿಯಿತು. ಕ್ರಿನೋ ನನ್ನ ಪಕ್ಕ ಬಂದು ನಿಂತಳು. ಈರುಳ್ಳಿ ಎಲ್ಲೋ ಬಿದ್ದುಹೋಗಿತ್ತು. ಹೇಗೋ ಸಂಭಾಳಿಸಿಕೊಂಡು ಚೆನ್ನಾಗಿಯೇ ಅತ್ತಳು, ಭೇಷ್ ಹುಡುಗಿ.

ಚಿಪ್ಪು ಎಣಿಸಿದರು. ಬಿಡುಗಡೆಯ ಗಡಿಗೆಯಲ್ಲಿ ಅರವತ್ತೊಂದು ಹೆಚ್ಚು.

ನಾನು ಬೆಂಚು ಹತ್ತಿ ಕುಣಿದೆ. ಮುದುಕರೂ ಕೆಲವರು ಕುಣಿದರು. ಖೈರಿಯಾಸ್ ಬಾಗಿಲಲ್ಲಿ ಕೆಂಡವಾಗಿ ನಿಂತಿದ್ದ, "ನಾನು ಬರೆದಿದ್ದು ಒಂದಕ್ಷರ ಹೇಳಲಿಲ್ಲವಲ್ಲ!" ಎಂದ. ಆಮೇಲೆ ಹತ್ತಿರ ಬಂದು, "ಯಾರಾದ್ರೂ ಕೇಳಿದ್ರೆ ನಾನೇ ಬರೆದದ್ದು ಅಂತೀನಿ, ಆಗಬಹುದಾ?" ಎಂದು ಪಿಸುಗುಟ್ಟಿದ. ಬೊಂಬೆಯನ್ನು ಏನು ಮಾಡಲಿ ಎಂದು ಗುಮಾಸ್ತನನ್ನು ಕೇಳಿದರೆ, "ಎತ್ಕೊಂಡ್ ಹೋಗಯ್ಯ, ಗಿಣ್ಣಿನ ನಾತ" ಎಂದ. ಅಥೆನ್ಸಿನವರಿಗೆ ಮೂಗಿಲ್ಲ. ನೀರಿನ ಮುದುಕನಿಗೆ ಮಾತ್ರ ಉಂಟು. ಅವನಿಗೆ ಒಂದು ಅಚ್ಚು ಕೊಟ್ಟೆ.

ಇಳಿಚಂದ್ರ ಹನ್ನೊಂದು

ದೋಣಿ. ನಾವಿಕನಿಗೆ ಎಲ್ಲ ಹೇಳಿದೆ. ನೂರಾ ಅರವತ್ತು ಚಿಪ್ಪು ಹೆಚ್ಚು ಬಿತ್ತು ಎಂದೆ. "ಅತ್ತೆಗೆ ಹುಷಾರಾ?" ಎಂದು ಕೇಳಿದ. ತೊಡೆಯ ಮೇಲೆ ಮಲಗಿಸಿಕೊಂಡಿದ್ದೇನೆ, ನೆಲದ ಮೇಲೆ ಒದ್ದೆ.

ಸೋಸಾಂಡ್ರನೂ ಇದೇ ದೋಣಿಯಲ್ಲಿ. ಮೂಲೆಯಲ್ಲಿ ಕೂತು ಗಡ್ಡ ತೊಳೆದುಕೊಳ್ಳುತ್ತಿದ್ದಾನೆ. ಅವನಿಗೂ ಒಂದು ತುಂಡು ಗಿಣ್ಣು ಕಳಿಸಿದೆ. ಮೊದಲು ಮುಖ ತಿರುಗಿಸಿದ. ಆಮೇಲೆ ತಿಂದ. ಕಣ್ಣು ಮುಚ್ಚಿದ್ದನ್ನು ನಾನು ನೋಡಿದೆ.

ಕ್ರಿನೋ ನೀರು ನೋಡುತ್ತಾ ಹೇಳಿದಳು, "ಚಿಕ್ಕಪ್ಪ, ನೀವು ಮುಳುಗಿದ ಅಂದ್ರಿ."

"ನೀರು ಮುಗೀತಿತ್ತಮ್ಮ. ಬೇರೆ ಮಾತು ಹುಡುಕೋಕೆ ಹೊತ್ತಿರಲಿಲ್ಲ."

"ಹೂಂ" ಎಂದು ನನ್ನ ತೋಳಿಗೆ ಒರಗಿದಳು.

ಟಾರಿಯೋನ್ ತಿಂಗಳು, ಏರುಚಂದ್ರ ಮೂರು

ಗುಡಾಣದ ಕೊನೆಯ ಓಡು, ಕುತ್ತಿಗೆಯದು.

ಊರಿನಲ್ಲಿ ಐದು ದಿನ ಹಬ್ಬವೇ ನಡೆಯಿತು. ಈಗ ಮುನ್ನೂರು ಚಿಪ್ಪು ಹೆಚ್ಚು. ಪೂಜಾರಿ ಪೂರ್ತಿ ಐನೂರು ಎಂದು ಕೇಳಿದ್ದಾನಂತೆ, ನಾನು ಅಲ್ಲವೆನ್ನಲಿಲ್ಲ. ದೊಡ್ಡವರ ಮಾತು.

ಇವತ್ತು ಬೆಳಿಗ್ಗೆ ಗುಡ್ಡಕ್ಕೆ ಹೋದೆವು. ಬೊಂಬೆಯ ತೂಕ ಕಡಿಮೆ, ಗಿಣ್ಣು ಸರಿಯಾಗಿ ಬಸಿಯುವುದಿಲ್ಲ, ಹಾಗಾಗಿ ವಾಪಸ್ಸು ಇಡುವುದೆಂದು ತೀರ್ಮಾನಿಸಿದ್ದೆ. ಚಪ್ಪಡಿ ಎತ್ತಿದೆ. ಅವರು ಹಾಗೇ ಮಲಗಿದ್ದರು. ತೋಳಿನ ಹತ್ತಿರ ಮಣ್ಣಿನಲ್ಲಿ ಅವಳ ಆಕಾರದ ತಗ್ಗು ಇನ್ನೂ ಇತ್ತು. ಅದರಲ್ಲಿ ಮಲಗಿಸಿದೆ, ಸರಿಯಾಗಿ ಕೂತಿತು.

ಕಲ್ಲಿನ ಮೇಲೆ ಮೊಣಕಾಲೂರಿದರೆ ನೋವಾಗುತ್ತದೆಂದು ಅಣ್ಣನ ಮೆತ್ತೆ ತರಿಸಿದ್ದೆ. ಕ್ರಿನೋ ಅದನ್ನು ಕೊಟ್ಟಳು. ಮೊಣಕಾಲಿಗೆ ಹಾಕಿಕೊಳ್ಳಲಿಲ್ಲ. ಒಳಗೆ, ಅವರ ಪಕ್ಕ, ಜಾಗವಿತ್ತು. ಅಲ್ಲಿಟ್ಟೆ. ಬಹಳ ಹಳೆಯದು, ಹುಳ ಬಿದ್ದಿತ್ತು, ಅದಕ್ಕೇ.

ದೂರದಲ್ಲಿ ಉಳಿದವರ ಹೆಸರನ್ನು ಮೂರು ಸಲ ಕೂಗುವುದು ನಮ್ಮಲ್ಲಿ ಪದ್ಧತಿ. ಕ್ರಿನೋ ಸಮುದ್ರದ ಕಡೆ ತಿರುಗಿ "ಅಪ್ಪಾ" ಎಂದು ಎರಡು ಸಲ ಕೂಗಿದಳು. ಮೂರನೆಯದಕ್ಕೆ ಅವಳ ದನಿ ಏಳಲಿಲ್ಲ. ಗಾಳಿ ಜೋರಿತ್ತು. "ಅಗಾಥಿನ್" ಎಂದು ನಾನೇ ಕೂಗಿದೆ. ನನ್ನ ಗಂಟಲು ದೊಡ್ಡದು, ಪಕ್ಕದ ದ್ವೀಪಕ್ಕೂ ಕೇಳಿರಬೇಕು. ಕೆಳಗೆ ಹೊಲದಲ್ಲಿ ಸೋಸಾಂಡ್ರ ಗುದ್ದಲಿ ನಿಲ್ಲಿಸಿ ಟೋಪಿ ತೆಗೆದ.

ಬರುವಾಗ ಗಿಣ್ಣಿಗೆ ಒಂದು ಕಲ್ಲು ತಂದೆ. ಹಳ್ಳದಲ್ಲಿ ಸಿಕ್ಕಿತು. ಮಳೆಯಲ್ಲಿ ಉರುಳಿ ಬಂದದ್ದು.

"ಇದರಲ್ಲಿ ಗುರುತೇ ಬೀಳಲ್ಲ" ಎಂದಳು ಕ್ರಿನೋ. "ನಮ್ಮ ಗಿಣ್ಣು ಅಂತ ಯಾರಿಗೆ ಗೊತ್ತಾಗುತ್ತೆ?"

"ಕಣ್ಣು ಮುಚ್ಚಿದವರಿಗೆ" ಅಂದೆ.

ಸಂಜೆ ಹಾಲು ಕರೆಯಲು ಬರಿನೆಲದ ಮೇಲೆ ಕೂತೆ. ತಣ್ಣಗಿತ್ತು. ಮೂರು ಆಡು ಕರೆಯುವಷ್ಟರಲ್ಲಿ ರೂಢಿಯಾಯಿತು.